ಎರಡನೇ ಸಲ ದುರ್ಗ!

ರಾಮಾಚಾರಿ ನಿಂತ ಬಂಡೆ ಯಾವುದು? 2018ರಲ್ಲಿ ಮೊದಲ ಸಲ ಚಿತ್ರದುರ್ಗದ ಕೋಟೆಗೆ ಹೋದಾಗ ನನಗೆ ಬೇಕಾಗಿದ್ದು ಅದೊಂದೇ! 1972ರ ‘ನಾಗರಹಾವು’ ಆ ವರ್ಷ ಹೊಸ ಮೆರುಗಿನಲ್ಲಿ ಮತ್ತೆ ತೆರೆಗೆ ಬಂದಿತ್ತು. ಎರಡೆರಡು ಸಲ ನೋಡಿದೆ. ಪಿಯುಸಿಯಲ್ಲಿ ಫೇಲಾಗಿದ್ದ ವಿಷಯ ಮತ್ತೆ ಬರೆಯಲೆಂದು ಅಪ್ಪ ಕೊಟ್ಟಿದ್ದ ದುಡ್ಡು ಜೇಬಿನಲ್ಲಿತ್ತು. ಬಸ್ ಹತ್ತಿಬಿಟ್ಟೆ!

ಹೇಳೋಕೆ ನಾಚಿಕೆ ಯಾಕೆ, ಸಿಕ್ಕಿದ್ದು ನಿರಾಸೆ. ನೆತ್ತಿ ಸುಡುವ ಬಿಸಿಲು. ವಿಷ್ಣುವರ್ಧನ್ ಇಲ್ಲ, ಹಾಡಿಲ್ಲ, ತೆರೆಯ ಮೇಲೆ ಮೈ ಜುಮ್ಮೆನಿಸಿದ್ದ ಬಂಡೆಗಳು ಇಲ್ಲಿ ಬರೀ ಬಂಡೆಗಳು. ಓಬವ್ವನಾಗಿ ಜಯಂತಿಯವರು ಒನಕೆ ಎತ್ತಿದ್ದು ಕಣ್ಣಲ್ಲೇ ಇತ್ತು. ಆ ಕಿಂಡಿಯ ಮುಂದೆ ನಿಂತರೆ ‘ಅಯ್ಯೋ, ಇಷ್ಟೇನಾ!’ ಅನ್ನಿಸಿತು. ಏಳು ಸುತ್ತಿನ ಕೋಟೆಯನ್ನು ಓಡೋಡಿ ಮುಗಿಸಿ ಕೆಳಗಿಳಿದೆ. ಆ ಪರೀಕ್ಷೆ ಬರೆಯಲೇ ಇಲ್ಲ. ಅಪ್ಪನಿಗೆ ದುಡ್ಡಿನ ಕಥೆ ಇವತ್ತಿಗೂ ಗೊತ್ತಿಲ್ಲ.

ಹೋದ ವರ್ಷ ಚಿಕ್ಕಪ್ಪನ ಮಗ ಗಂಟುಬಿದ್ದ. ಪಿಯುಸಿ ಹುಡುಗ. ‘ನಾಗರಹಾವು’ ಪೂರ್ತಿ ನೋಡಿದವನೇ ಅಲ್ಲ. ಇವನಿಗೂ ನನ್ನದೇ ಗತಿ ಅಂದ್ಕೊಂಡೇ ಕರ್ಕೊಂಡು ಹೋದೆ. ಅವನೋ, ಕಿಂಡಿಯೊಳಗೆ ನುಸುಳಿ, ಮೊಣಕೈ ತರಚಿಕೊಂಡು ಆಚೆ ಬಂದು ಕೂಗಿದ: “ಅಣ್ಣಾ, ಇದರಲ್ಲಿ ಒಬ್ಬೊಬ್ಬನೇ ತಾನೇ ತೂರಬೇಕು! ಅದಕ್ಕೇ ಒಬ್ಳೇ ಹೆಂಗಸು ಅಷ್ಟು ಜನ ಸೈನಿಕರನ್ನ ಹೊಡೆದಿದ್ದು!”

ನೋಡಿ, ನಾನು ಯಾವುದನ್ನು ಚಿಕ್ಕದು ಅಂತ ಬೈದಿದ್ದೆನೋ, ಓಬವ್ವನ ಕಥೆಯೆಲ್ಲ ನಿಂತಿರುವುದೇ ಅದರ ಮೇಲೆ!

ಆಮೇಲೆ ಅವನು ಸುತ್ತಲಿ ಎಂದು ಬಿಟ್ಟು ನಾನು ಅಕ್ಕ-ತಂಗಿ ಹೊಂಡದ ಹತ್ತಿರ ಕೂತೆ. ಮೊದಲ ಸಲ ಇದನ್ನು ‘ನೋಡಿದ್ದಾಯ್ತು’ ಅಂತ ದಾಟಿದ್ದೆ. ಬಂಡೆಗಳ ಮೇಲೆ ಬಿದ್ದ ಮಳೆನೀರನ್ನು ಹಿಡಿದು, ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ ಹರಿಸುವ ಏರ್ಪಾಡು. ಇಂಥ ಬಿಸಿಲೂರಿನಲ್ಲಿ ಕೋಟೆ ಬದುಕಿದ್ದು ಕತ್ತಿಯಿಂದ ಮಾತ್ರ ಅಲ್ಲ ಸ್ವಾಮಿ, ನೀರಿನಿಂದಲೂ! 1779ರಲ್ಲಿ ದುರ್ಗ ಕೈವಶವಾಗುವ ಮುನ್ನ ಹೈದರಾಲಿಯೇ ಮತ್ತೆ ಮತ್ತೆ ದಂಡೆತ್ತಿ ಬರಬೇಕಾಯಿತು. ಒಂದೇ ಭೇಟಿಗೆ ತೃಪ್ತಿ ಸಿಗದವನು ನಾನೊಬ್ಬನೇ ಅಲ್ಲ!

ಆದರೂ ಎರಡನೇ ಸಲ ಬಂದವನ ಗೊಣಗಾಟವೇ ಬೇರೆ. ಆವತ್ತು ಸೌತೆಕಾಯಿಗೆ ಖಾರ ಹಚ್ಚಿ ಕೊಟ್ಟಿದ್ದ ಅಜ್ಜಿಯನ್ನು ಬಾಗಿಲಲ್ಲಿ ಹುಡುಕಿದೆ. ಕಾಣಲಿಲ್ಲ. ಆಗ ಸಿನಿಮಾ ಹುಡುಕುತ್ತಿದ್ದವನು, ಈಗ 2018ನ್ನು ಹುಡುಕುತ್ತಿದ್ದೆ! ಹುಡುಗನಿಗೆ ಆ ರಗಳೆಯೇ ಇಲ್ಲ.

ಇಳಿಯುವಾಗ ಕೇಳಿದ: “ರಾಮಾಚಾರಿ ಬಂಡೆ ತೋರಿಸ್ತೀನಿ ಅಂದ್ಯಲ್ಲಣ್ಣಾ?”

ಎದುರಿಗಿದ್ದ ಒಂದನ್ನು ತೋರಿಸಿದೆ. ಹತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತೇ ಬಿಟ್ಟ!