ನೀರು ಹೋದರೆ ಮರಳಿ ಬಾರದ ಜೆಲ್

ಗೆಳೆಯರೊಬ್ಬರು ಕೊಟ್ಟ ವಿನೆಗರ್ ಪೊರೆಯ ತುಂಡನ್ನು ಸಿಹಿ ಚಹಾ ಡಿಕಾಕ್ಷನ್‌ಗೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಎರಡು ವಾರಗಳಲ್ಲಿ ದ್ರವದ ಮೇಲೆ ನುಣುಪಾದ ಪದರವೊಂದು ಬೆಳೆಯಿತು. ಎತ್ತಿದರೆ ಎಳನೀರಿನ ಗಂಜಿಯಂತೆ ಜಾರುತ್ತಿತ್ತು.

ಈ ಪದರವನ್ನು ಕಟ್ಟಿದ್ದು ಬ್ಯಾಕ್ಟೀರಿಯಾಗಳು. ಅದು ಸೆಲ್ಯುಲೋಸ್ ಎಂದು ಇಂಗ್ಲೆಂಡಿನ ಎ. ಜೆ. ಬ್ರೌನ್ 1886ರಲ್ಲಿ ತಿಳಿಸಿದರು. ಗಿಡಮರಗಳಲ್ಲಿರುವ ಸೆಲ್ಯುಲೋಸನ್ನು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲೇ ಗುರುತಿಸಿದ್ದರು. ಹತ್ತಿಯಲ್ಲಿ, ನಿಮ್ಮ ನೋಟ್‌ಬುಕ್ಕಿನ ಹಾಳೆಯಲ್ಲಿ ಇರುವುದೂ ಇದೇ.

ಇಂಥ 100 ಗ್ರಾಂ ಜೆಲ್‌ನಲ್ಲಿ ಸುಮಾರು 99 ಗ್ರಾಂ ನೀರೇ! ಉಳಿದದ್ದು ಸೆಲ್ಯುಲೋಸಿನ ಎಳೆಗಳು. ಒಂದೊಂದು ಎಳೆಯೂ ನಮ್ಮ ತಲೆಗೂದಲಿಗಿಂತ ಸುಮಾರು ಸಾವಿರ ಪಟ್ಟು ತೆಳು. ಅವು ಹೆಣೆದುಕೊಂಡು ಬಲೆಯಾಗಿ, ಅಷ್ಟೊಂದು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ.

ಪದರವನ್ನು ತೊಳೆದು ಗಾಜಿನ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿದೆ. ಉದ್ದ, ಅಗಲ ಹೆಚ್ಚು ಕಡಿಮೆ ಮೊದಲಿನಷ್ಟೇ ಇದ್ದವು. ದಪ್ಪ ಮಾತ್ರ ಕುಸಿದು ಕಾಗದದಷ್ಟಾಯಿತು. ಅದನ್ನು ಇಡೀ ದಿನ ನೀರಿನಲ್ಲಿ ನೆನೆಸಿದೆ. ಸ್ವಲ್ಪ ಮೆತ್ತಗಾಯಿತೇ ಹೊರತು ಮೊದಲಿನ ದಪ್ಪ ಬರಲಿಲ್ಲ. ಹೋದ ನೀರನ್ನೇ ಮರಳಿ ಕೊಟ್ಟರೂ ಹೀಗೇಕೆ?

ಒದ್ದೆ ಕೂದಲು ಒಂದಕ್ಕೊಂದು ಅಂಟಿಕೊಳ್ಳುವುದನ್ನು ನೀವು ನೋಡಿದ್ದೀರಿ. ಅದು ನೀರಿನ ಮೇಲ್ಮೈ ಎಳೆತದ ಕೆಲಸ. ಜೆಲ್ ಒಣಗುವಾಗಲೂ ಕಡಿಮೆಯಾಗುತ್ತಿರುವ ನೀರು ಎಳೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಎಳೆಗಳು ತಾಗಿದ ಕಡೆ ಹೈಡ್ರೋಜನ್ ಬಂಧಗಳು ಉಂಟಾಗುತ್ತವೆ. ಒಂದು ಬಂಧ ದುರ್ಬಲ; ಲೆಕ್ಕವಿಲ್ಲದಷ್ಟು ಬಂಧಗಳು ಸೇರಿದರೆ ಬಲು ಗಟ್ಟಿ. ನಡುವಿನ ಸಂದುಗಳು ಮುಚ್ಚಿಹೋಗುವುದರಿಂದ ನೀರಿಗೆ ಮತ್ತೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ.

ಹಾಗಾದರೆ ಬಲೆ ಕುಸಿಯದಂತೆ ಒಣಗಿಸಬಹುದೇ? ಬಹುದು. ಜೆಲ್ಲನ್ನು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪಾತ್ರೆಯಲ್ಲಿಟ್ಟರೆ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ದ್ರವವೇ ಇಲ್ಲದಿದ್ದರೆ ಎಳೆತವೂ ಇಲ್ಲ! ಆಗ ಹಗುರವಾದ ಸ್ಪಂಜಿನಂಥ ವಸ್ತು ಉಳಿಯುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ 1931ರಲ್ಲಿ ಇನ್ನೊಂದು ಉಪಾಯ ಪ್ರಕಟಿಸಿದರು. ಮುಚ್ಚಿದ ಪಾತ್ರೆಯಲ್ಲಿ ಉಷ್ಣತೆ, ಒತ್ತಡ ಎರಡನ್ನೂ ಏರಿಸಿ, ದ್ರವಕ್ಕೂ ಅನಿಲಕ್ಕೂ ನಡುವಿನ ಮೇಲ್ಮೈಯೇ ಇಲ್ಲದಂತೆ ಮಾಡಿದರು. ಹೀಗೆ ಹುಟ್ಟಿದ್ದು ಏರೋಜೆಲ್.

ಈ ಬಂಧಗಳಿಂದಲೇ ಅಂಟು ಹಾಕದಿದ್ದರೂ ಕಾಗದದ ನಾರುಗಳು ಒಂದಾಗಿ ನಿಲ್ಲುತ್ತವೆ. ಆದರೆ ಇದರಲ್ಲೇ ಒಂದು ತೊಂದರೆಯೂ ಇದೆ. ಒಮ್ಮೆ ಒಣಗಿದ ನಾರಿನ ಒಳಗಿನ ಸಂದುಗಳು ಮುಚ್ಚಿ ಅದು ಬಿರುಸಾಗುತ್ತದೆ. ಮತ್ತೆ ನೆನೆಸಿದಾಗ ಮೊದಲಿನಷ್ಟು ಉಬ್ಬುವುದಿಲ್ಲ, ಪಕ್ಕದ ನಾರಿಗೆ ಮೊದಲಿನಷ್ಟು ಅಂಟುವುದೂ ಇಲ್ಲ. ಆದ್ದರಿಂದ ಹಳೆಯ ಕಾಗದವನ್ನು ಅರೆದು ಮಾಡಿದ ಹಾಳೆಯ ಬಲ ಕಡಿಮೆ. ಅದಕ್ಕೆ ಹೊಸ ನಾರು ಬೆರೆಸಬೇಕಾಗುತ್ತದೆ. ಹೊಸ ನಾರು ಬರುವುದು ಹೆಚ್ಚಾಗಿ ಮರದಿಂದ.

ಹಳೆಯ ಕಾಗದವನ್ನು ಮತ್ತೆ ಬಳಸುವುದು ಒಳ್ಳೆಯದೇ. ಅದಕ್ಕಿಂತ ಒಳ್ಳೆಯದು ಹಾಳೆಯ ಎರಡೂ ಬದಿ ಬರೆಯುವುದು. ಅಲ್ಲವೇ?