ಕೆಳಗಿಳಿದ ಮುಳ್ಳು

ನಮ್ಮ ಮನೆಯಲ್ಲಿ ಒಂದು ಹಳೆಯ ಅಂಬಾಸಡರ್ ಕಾರಿದೆ. 1986ನೆಯ ಇಸವಿಯ ಪೆಟ್ರೋಲು ಬಂಡಿ; ನನ್ನ ತಂದೆಯವರ ಕೈಗೆ ಬರುವಾಗಲೇ ಅದು ಇಬ್ಬರು ಯಜಮಾನರನ್ನು ಕಂಡಿದ್ದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯೇ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ಎಂಬ ಹೆಸರು ತಳೆದು 2014ರ ವರೆಗೂ ತಯಾರಾಗುತ್ತಿದ್ದಿತು. ಇಂದು ಅದನ್ನು ಕಂಡರೆ ಮಕ್ಕಳು ಹಳೆಯ ಸಿನಿಮಾದ ಬಂಡಿಯೆಂದು ನಗುತ್ತಾರೆ. ತಂದೆಯವರು ತೀರಿಕೊಂಡ ಮೇಲೆ ಮಾರಿಬಿಡೆಂದು ಹೇಳಿದವರು ಅನೇಕರು. ನಾನು ಮಾರಲಿಲ್ಲ. ಮೊಣಕಾಲು ನೋವಿನ ತಾಯಿಯವರಿಗೆ ಅದರ ಹಿಂದಿನ ಸೀಟಿನಷ್ಟು ಸುಖ ಬೇರೆಲ್ಲಿಯೂ ಇಲ್ಲವೆಂಬುದು ನಾನು ಜನರಿಗೆ ಹೇಳುವ ಕಾರಣ. ನಿಜವಾದ ಕಾರಣ ಬೇರೆಯೂ ಇದ್ದೀತು.

ಹಿಂದಿನ ಯಜಮಾನರೊಬ್ಬರು ಈ ಕಾರಿಗೆ ಸ್ಟಿಯರಿಂಗಿನ ಪಕ್ಕದಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಒಂದು ಮಾಪಕವನ್ನು ಬೇರೆಯಾಗಿ ಹಾಕಿಸಿದ್ದರು. ಎಂಜಿನಿನಿಂದ ತೆಳ್ಳನೆಯ ತಾಮ್ರದ ನಳಿಕೆಯೊಂದು ಅದರ ಬೆನ್ನಿಗೆ ಬಂದು ಸೇರುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಸುರುಳಿ ಪೀಪಿಯನ್ನು ನೀವು ಕಂಡಿರಬೇಕು. ಊದಿದಾಗ ಅದು ಬಿಚ್ಚಿಕೊಳ್ಳುತ್ತದೆ, ಉಸಿರು ಬಿಟ್ಟಾಗ ಸುತ್ತಿಕೊಳ್ಳುತ್ತದೆ. ಮಾಪಕದ ಒಳಗಿರುವುದೂ ಅಂತಹುದೇ ಒಂದು ಬಾಗಿದ ಲೋಹದ ಕೊಳವೆ. ಎಣ್ಣೆ ಒತ್ತಿದಂತೆಲ್ಲ ಅದು ನೆಟ್ಟಗಾಗಲು ಹವಣಿಸುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಬೂರ್ದೋನ್ ಎಂಬ ಫ್ರೆಂಚನು 1849ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ತಂದೆಯವರು ಕಾರು ನಡೆಸುವಾಗ ಹಾದಿಯನ್ನು ನೋಡಿದಷ್ಟೇ ಸಲ ಈ ಮುಳ್ಳನ್ನೂ ನೋಡುತ್ತಿದ್ದರು. ಬಿಸಿಯಾದ ಎಂಜಿನು ಓಡುವಾಗ ಚದರ ಅಂಗುಲಕ್ಕೆ 45ರಿಂದ 50 ಪೌಂಡು, ನಿಂತು ಗುನುಗುವಾಗ ಇಪ್ಪತ್ತರ ಆಸುಪಾಸು. ಇದು ನಮ್ಮ ಮನೆಯವರೆಲ್ಲರಿಗೂ ಬಾಯಿಪಾಠವಾಗಿದ್ದ ಲೆಕ್ಕ.

2022ರ ಆಟಿ ತಿಂಗಳ ಒಂದು ಮುಂಜಾನೆ ತಾಯಿಯವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಪೆರ್ಲ, ಅಡ್ಯನಡ್ಕ, ವಿಟ್ಲದ ಹಾದಿಯಾಗಿ ಪುತ್ತೂರಿಗೆ ಹೊರಟಿದ್ದೆನು. ಮಳೆ ಜಡಿಯುತ್ತಿದ್ದಿತು. ಏರುಗಳನ್ನು ಹತ್ತಿ ಇಳಿಯುತ್ತ ವಿಟ್ಲವನ್ನು ಸಮೀಪಿಸುವಷ್ಟರಲ್ಲಿ ಮುಳ್ಳು ಇಪ್ಪತ್ತೈದಕ್ಕೆ ಇಳಿದಿದ್ದಿತು. ಪೇಟೆಯ ಸಂದಣಿಯಲ್ಲಿ ನಿಂತಾಗ ನೋಡುತ್ತೇನೆ, ಐದು! ನನ್ನ ಎದೆ ಧಸಕ್ಕೆಂದಿತು. ಎಣ್ಣೆಯ ಒತ್ತಡ ಬಿದ್ದರೆ ಬೇರಿಂಗುಗಳು ಲೋಹಕ್ಕೆ ಲೋಹ ಉಜ್ಜಿ ಸುಟ್ಟುಹೋಗುತ್ತವೆ, ಎಂಜಿನು ಸೆಟೆದುಕೊಳ್ಳುತ್ತದೆ ಎಂದು ತಂದೆಯವರು ಹೇಳುತ್ತಿದ್ದುದು ನೆನಪಾಯಿತು. ನಿಧಾನವಾಗಿ ಹೇಗೋ ಹೋಗಿ ಬಂದೆವು. ಹಿಂದಿನ ಸೀಟಿನಿಂದ ತಾಯಿಯವರು, “ಏನಾಯಿತು ಮಗಾ, ಮಾತೇ ಇಲ್ಲವಲ್ಲ?” ಎಂದು ಎರಡು ಸಲ ಕೇಳಿದರು.

ಆಗ ನನ್ನ ಮನಸ್ಸು ಮೊದಲು ಹಾರಿದುದು ಒಬ್ಬ ಹುಡುಗನ ಮೇಲೆ. ನಮ್ಮೂರ ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವನು ನನ್ನ ಬಳಿ ನಾಲ್ಕನೆಯ ತರಗತಿಯಲ್ಲಿ ಓದಿದವನು. ಉಕ್ತಲೇಖನದಲ್ಲಿ ಹತ್ತಕ್ಕೆ ಮೂರು ಅವನ ನಿತ್ಯದ ಅಂಕ. ಹದಿನೈದು ದಿನಗಳ ಹಿಂದೆ ಎಣ್ಣೆಯನ್ನೂ ಸೋಸುವ ಫಿಲ್ಟರನ್ನೂ ಬದಲಿಸಿದವನು ಅವನೇ. ಮಾರನೆಯ ದಿನ ಹೋಗಿ, ಬೇರೆ ಗಿರಾಕಿಗಳ ಮುಂದೆಯೇ, “ಏನು ಮಾಡಿಟ್ಟಿದ್ದೀಯಾ ನನ್ನ ಕಾರಿಗೆ? ಶಾಲೆಯಲ್ಲಿಯೂ ನಿನ್ನ ಗಮನ ಹೀಗೆಯೇ ಇದ್ದಿತು” ಎಂದುಬಿಟ್ಟೆನು. ಅವನು ಏನೋ ಹೇಳಲು ಬಾಯ್ತೆರೆದವನು ಸುಮ್ಮನಾಗಿ, ಕೈಯ ಎಣ್ಣೆಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ನಿಂತನು.

ಪೇಟೆಯ ದೊಡ್ಡ ಗ್ಯಾರೇಜೊಂದರಲ್ಲಿ ಬಾನೆಟ್ಟನ್ನು ಎತ್ತಿಯೂ ನೋಡದೆ ಎಂಜಿನನ್ನು ಪೂರ್ತಿ ಬಿಚ್ಚಬೇಕೆಂದರು. ಅವರು ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ ಕಾರಿನ ಬೆಲೆಯನ್ನೇ ಮೀರುವಂತಿದ್ದಿತು. ಆ ರಾತ್ರಿ ಗುಜರಿಯವನಿಗೆ ಫೋನು ಮಾಡಲು ಕೂಡ ಯೋಚಿಸಿದೆನು. ತಾಯಿಯವರಿಗೆ ಹೇಳಲಿಲ್ಲ.

ಕೊನೆಗೆ ತಂದೆಯವರ ಕಾಲದ ವೃದ್ಧ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋದೆನು. ಅವರು ಕೆಲಸ ಬಿಟ್ಟು ಮಗನ ಮನೆಯಲ್ಲಿದ್ದರು. ನನ್ನ ಮಾತನ್ನೆಲ್ಲ ಕೇಳಿ, “ಮುಳ್ಳು ಕೆಳಗಿದೆ ಎಂದಿರಿ. ಒತ್ತಡವೂ ಕೆಳಗಿದೆ ಎಂದು ಯಾರು ಹೇಳಿದರು, ಮಾಷ್ಟ್ರೇ?” ಎಂದರು. ನಾನು ತಬ್ಬಿಬ್ಬಾದೆನು. ಶಿಕ್ಷಕ ತರಬೇತಿಯಲ್ಲಿ ನೈದಾನಿಕ ಪರೀಕ್ಷೆ ಎಂಬ ವಿಷಯದ ಮೇಲೆ ಆರು ಪುಟ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಅಂಕ ಕಡಿಮೆ ಬಂದುದು ಮಗುವಿನ ದೋಷವೋ, ಪ್ರಶ್ನೆಪತ್ರಿಕೆಯ ದೋಷವೋ, ಕಲಿಸಿದವನ ದೋಷವೋ ಎಂದು ಬಿಡಿಸಿ ನೋಡಬೇಕೆಂದು ಅದರಲ್ಲಿ ನಾನೇ ಬರೆದಿದ್ದೆನು.

ಮೇಸ್ತ್ರಿ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಅಳತೆಯ ಕಡ್ಡಿಯನ್ನು ಎಳೆದರು. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿದ್ದಿತು. ಕಡ್ಡಿಯನ್ನು ಮೂಗಿಗೆ ಹಿಡಿದರು. ಪೆಟ್ರೋಲಿನ ವಾಸನೆ ಬಂದರೆ ಎಣ್ಣೆಗೆ ಪೆಟ್ರೋಲು ಇಳಿಯುತ್ತಿದೆಯೆಂದು ತಿಳಿಯಬೇಕಂತೆ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ಅರ್ಥ. ಎರಡೂ ಇರಲಿಲ್ಲ. ಬೆರಳುಗಳ ನಡುವೆ ಎಣ್ಣೆಯನ್ನು ತಿಕ್ಕಿ ‘ಹೂಂ’ ಎಂದರು. ಆಮೇಲೆ ತಾಮ್ರದ ನಳಿಕೆಯನ್ನು ಎಂಜಿನಿನಿಂದ ಬಿಚ್ಚಿ ಆ ತೂತಿಗೆ ತಮ್ಮ ಸ್ವಂತ ಮಾಪಕವನ್ನು ತಿರುಪಿದರು. ಎಂಜಿನು ತಣ್ಣಗಿದ್ದಾಗ ಅದು ಐವತ್ತನ್ನು ದಾಟಿ ತೋರಿಸಿತು. ಐದಾರು ಮೈಲು ಓಡಿಸಿ ಬಂದಾಗ, ಗುನುಗುವಾಗ ಹತ್ತು, ವೇಗ ಕೊಟ್ಟಾಗ ಮೂವತ್ತು. ನಮ್ಮ ಮಾಪಕವು ಐದು ಪೌಂಡು ಕಡಿಮೆ ಹೇಳುತ್ತಿದ್ದುದು ನಿಜ. ಆದರೆ ಒತ್ತಡವೂ ನಿಜವಾಗಿಯೇ ಬಿದ್ದಿದ್ದಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೂ ಹಿಡಿಯನ್ನು ಕಿವಿಗೂ ಒತ್ತಿ, ವೈದ್ಯರು ಎದೆ ನೋಡುವಂತೆ ಕೇಳಿದರು. “ಬಡಿತ ಇಲ್ಲ” ಎಂದರು.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ಪಂಪು ಒತ್ತಡವನ್ನು ಉಂಟುಮಾಡುತ್ತದೆಂದು ನಾವು ತಿಳಿಯುತ್ತೇವೆ. ಪಂಪು ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ತಳ್ಳಿದ ಎಣ್ಣೆಗೆ ಹೊರಬೀಳಲು ಇರುವ ದಾರಿ ಕಿರಿದಾಗಿರುವುದರಿಂದ ಒತ್ತಡ ಹುಟ್ಟುತ್ತದೆ. ಅಡಕೆ ತೋಟದಲ್ಲಿ ಜೆಟ್ಟು ಹಾಕಿದಾಗ ಪೈಪು ಎಲ್ಲಿಯಾದರೂ ಒಡೆದಿದ್ದರೆ ನೀರು ದೂರಕ್ಕೆ ಹಾರುವುದಿಲ್ಲವಷ್ಟೆ? ಪಂಪು ಮೊದಲಿನಂತೆಯೇ ದುಡಿಯುತ್ತಿರುತ್ತದೆ. ಈ ಎಂಜಿನಿನ ದೊಡ್ಡ ದಂಡವನ್ನು ಹೊರುವ ಮುಖ್ಯ ಬೇರಿಂಗುಗಳು ಮೂರು. ದಂಡಕ್ಕೂ ಬೇರಿಂಗಿಗೂ ನಡುವೆ ಇರಬೇಕಾದ ಸಂದು ಒಂದು ಅಂಗುಲದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಸವೆದು ಸಂದು ಹಿಗ್ಗಿದರೆ ಎಣ್ಣೆ ಸಲೀಸಾಗಿ ಹರಿದುಹೋಗುತ್ತದೆ, ಮುಳ್ಳು ಇಳಿಯುತ್ತದೆ. ಸಂದು ಹಾಗೆಯೇ ಇದ್ದು ಎಣ್ಣೆಯೇ ತೆಳುವಾದರೂ ಫಲ ಅದೇ. ತಣ್ಣಗಿರುವಾಗ ಎರಡೂ ದೋಷಗಳು ಮುಖ ಮರೆಸಿಕೊಂಡಿರುತ್ತವೆ; ಬಿಸಿಯಾದಾಗ ಎರಡೂ ಒಂದೇ ಬಗೆಯಲ್ಲಿ ಕಾಣಿಸಿಕೊಳ್ಳುತ್ತವೆ. ಒಂದರ ಖರ್ಚು ಸಾವಿರಗಳಲ್ಲಿ, ಇನ್ನೊಂದರದು ಅದರ ಹತ್ತಾರು ಪಾಲು.

“ಎಣ್ಣೆ ಯಾವುದು?” ಎಂದು ಮೇಸ್ತ್ರಿ ಕೇಳಿದರು.

“ಆ ಹುಡುಗ ಹಾಕಿದ್ದು” ಎಂದೆನು.

“ಹಾಕಿದ್ದು ಅವನು. ತಂದದ್ದು ಯಾರು?”

ತಂದವನು ನಾನು. ಪೇಟೆಯ ಅಂಗಡಿಯವನು ಇದು ಹೊಸ ಕಾರುಗಳಿಗೆಲ್ಲ ಹಾಕುವ ಉತ್ತಮ ಎಣ್ಣೆಯೆಂದು ಹೊಗಳಿ ಕೊಟ್ಟಿದ್ದನು. ಮನೆಗೆ ಹೋಗಿ ಡಬ್ಬವನ್ನು ನೋಡಿದೆನು: 0 ಡಬ್ಲ್ಯು 20. ನೂರು ಡಿಗ್ರಿ ಸೆಂಟಿಗ್ರೇಡಿನ ಬಿಸಿಯಲ್ಲಿ ಈ 20ರ ವರ್ಗದ ಎಣ್ಣೆಯ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕುಗಳೊಳಗೆ ಇರುತ್ತದೆ. ನಮ್ಮ ಕಾರು ಕುಡಿಯುತ್ತ ಬಂದಿದ್ದ 20 ಡಬ್ಲ್ಯು 40ರದು 12.5ರಿಂದ 16.3. ಬಿಗಿಯಾದ ಸಂದುಗಳ ಹೊಸ ಎಂಜಿನಿಗೆ ಅದು ನಿಜವಾಗಿಯೂ ಉತ್ತಮ. ಸವೆದ ಮುದಿ ಎಂಜಿನಿಗೆ ನೀರು. ಶಾಲೆಗೆ ಎರಡು ಮೈಲು ಹೋಗಿಬರುವಾಗ ಎಂಜಿನು ಪೂರ್ತಿ ಬಿಸಿಯಾಗದೆ ಇದ್ದುದರಿಂದ ಹದಿನೈದು ದಿನ ಗುಟ್ಟು ಬಯಲಾಗಲಿಲ್ಲ.

ಡಬ್ಬ ಕೈಯಲ್ಲಿದ್ದಾಗಲೇ ಇನ್ನೊಂದು ಸಂಗತಿ ನೆನಪಾಗಿ ನನ್ನ ಮುಖ ಬಿಸಿಯಾಯಿತು. ಎಣ್ಣೆ ಹಾಕುವ ಮೊದಲು ಆ ಹುಡುಗನು ಡಬ್ಬದ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿ, “ಸಾರ್, ಈ ಬಂಡಿಗೆ ಇದು ತೆಳುವಾಗುವುದಿಲ್ಲವೇ?” ಎಂದು ಕೇಳಿದ್ದನು. “ಹೇಳಿದಷ್ಟು ಮಾಡಪ್ಪಾ” ಎಂದಿದ್ದೆನು.

ಮೇಸ್ತ್ರಿ ಹಳೆಯ ಎಣ್ಣೆಯನ್ನು ಇಳಿಸಿ ಫಿಲ್ಟರನ್ನೂ ಬದಲಿಸಿ 20 ಡಬ್ಲ್ಯು 40 ತುಂಬಿದರು. ಎಂಜಿನಿನ ಹಿಂಬದಿಯಲ್ಲಿ ಗುಮ್ಮಟದಂತಹ ನಟ್ಟಿನೊಳಗೆ ಅಡಗಿರುವ, ಹೆಚ್ಚಿನ ಒತ್ತಡವನ್ನು ಬಿಟ್ಟುಕೊಡುವ ಕವಾಟವನ್ನೂ ಬಿಚ್ಚಿ ತೊಳೆದರು. ಬಿಸಿಯಲ್ಲಿ ಅವರ ಮಾಪಕ ಓಟದಲ್ಲಿ ನಲವತ್ತೈದು, ನಿಂತಾಗ ಹದಿನೈದು ತೋರಿಸಿತು. ಮೊದಲಿನ ಲೆಕ್ಕವಲ್ಲ. ಕವಾಟದ ಸ್ಪ್ರಿಂಗಿನ ಹಿಂದೆ ಒಂದು ವಾಶರು ಇಟ್ಟರೆ ಮುಳ್ಳು ಏರುವುದಿಲ್ಲವೇ ಎಂದು ಕೇಳಿದೆನು. ಅವರು ನಕ್ಕು, “ಓಟದಲ್ಲಿ ಏರಿದರೆ ಏರೀತು. ಅಂಕಪಟ್ಟಿ ತಿದ್ದಿದ ಹಾಗೆ, ಮಾಷ್ಟ್ರೇ” ಎಂದರು. ಬೇರಿಂಗು ಸ್ವಲ್ಪ ಸವೆದಿರುವುದು ಖಂಡಿತ. ಬಡಿತ ಕೇಳುವ ತನಕ ಮೆಲ್ಲಗೆ ಓಡಿಸಿರಿ, ಏರಿನಲ್ಲಿ ಹಿಂಸಿಸಬೇಡಿರಿ ಎಂದು ಹೇಳಿ, ಕೂಲಿಯೆಂದು ಕೊಟ್ಟುದರಲ್ಲಿ ಅರ್ಧವನ್ನು ಹಿಂದಕ್ಕೆ ಕೊಟ್ಟರು.

ಗ್ಯಾರೇಜಿಗೆ ಹೋಗಲು ನನಗೆ ಮತ್ತೆ ಮೂರು ದಿನ ಬೇಕಾಯಿತು. ಹುಡುಗನು ಜೀಪೊಂದರ ಅಡಿಯಲ್ಲಿ ಮಲಗಿದ್ದನು. ಕಾಲುಗಳು ಮಾತ್ರ ಕಾಣುತ್ತಿದ್ದುವು. ಆ ಹೊತ್ತಿಗೆ ಗಿರಾಕಿಗಳು ಯಾರೂ ಇರಲಿಲ್ಲ. ಎಲ್ಲರ ಮುಂದೆ ಬೈದವನು ಯಾರೂ ಇಲ್ಲದಾಗ ತಪ್ಪೊಪ್ಪಿದರೆ ಸಾಲದೆಂದು ಹೊಳೆಯಿತು. ಆದುದರಿಂದ ಅವನ ಯಜಮಾನರನ್ನೂ ಜೊತೆಯ ಹುಡುಗರನ್ನೂ ಕರೆದೇ ಹೇಳಿದೆನು: ಎಣ್ಣೆ ನಾನು ತಂದುದು, ಇವನು ಕೇಳಿದ್ದನು, ನಾನು ಕಿವಿಗೊಡಲಿಲ್ಲ. ಕಾಲುಗಳು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಜೀಪಿನ ಅಡಿಯಿಂದಲೇ ಧ್ವನಿ ಬಂದಿತು:

“ಆ ಡಬ್ಬದಲ್ಲಿ ಸ್ವಲ್ಪ ಉಳಿದಿರಬೇಕಲ್ಲ, ಸಾರ್? ನಾಳೆ ಒಂದು ಹೊಸ ಕಾರು ಬರುತ್ತದೆ. ಅದಕ್ಕೆ ಆಗುತ್ತದೆ.”

ಮನೆಗೆ ಹೋಗಿ ತಂದುಕೊಟ್ಟೆನು.