ಕುಂಡಲ ಕೊಟ್ಟ ಭಾನುವಾರ

ನಮ್ಮ ಬಡಾವಣೆಗೆ ಹೆಸರು ಕೊಟ್ಟ ರಾಜಾಜಿ ಸ್ವತಃ ಮಹಾಭಾರತ ಬರೆದವರು. 1949ರಲ್ಲಿ, ಅವರು ಗವರ್ನರ್ ಜನರಲ್ ಆಗಿದ್ದಾಗ ಹುಟ್ಟಿದ ರಾಜಾಜಿನಗರದಲ್ಲಿ ಆ ಪುಸ್ತಕ ಓದಿದವರನ್ನು ನಾನು ಕಂಡದ್ದು ಕಡಿಮೆ. ಕಾರ್ಖಾನೆಯ ಪಾಳಿ ಮುಗಿಸಿ ಬರುವ ಜನಕ್ಕೆ ಭಾರತ ಸಿಕ್ಕಿದ್ದು ಹರಿಕಥೆ, ಗಮಕಗಳಲ್ಲಿ. ಆಮೇಲೆ ಭಾನುವಾರ ಬೆಳಿಗ್ಗೆ, ದೂರದರ್ಶನದಲ್ಲಿ.

ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ 1988ರ ಗಾಂಧಿ ಜಯಂತಿಯಂದು ಶುರುವಾಗಿ 1990ರ ಜೂನ್‌ವರೆಗೆ, 94 ಕಂತು ಓಡಿತು. ಆ ಹೊತ್ತಿನಲ್ಲಿ ನವರಂಗ್ ಟಾಕೀಸಿನ ಮುಂದೆ ನಾಯಿಗಳದೇ ಟ್ರಾಫಿಕ್ಕು. ನಮ್ಮ ಮನೆಗೆ ಕಪ್ಪುಬಿಳುಪು ಟಿ.ವಿ. ಬಂದದ್ದು ಅಮ್ಮನ ಓಲೆ ಗಿರವಿ ಅಂಗಡಿಗೆ ಹೋದ ಮೇಲೆ. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡು, ಸೆರಗನ್ನು ಕಿವಿ ಮರೆಯಾಗುವಂತೆ ಎಳೆದುಕೊಂಡು, ಅಮ್ಮ ನೆರೆಯವರಿಗೆಲ್ಲ ಚಾಪೆ ಹಾಸುತ್ತಿದ್ದಳು.

ಅವಳಿಗೆ ಹಿಂದಿ ಬಾರದು. ರಾಹಿ ಮಾಸೂಮ್ ರಜಾ ಬರೆದ ಆ ಘನವಾದ ಮಾತುಗಳು ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ನಮಗೂ ಅಷ್ಟಕ್ಕಷ್ಟೆ. ಆದರೆ ಗಮಕ ಕಲಿತ ಅಮ್ಮನಿಗೆ ಕುಮಾರವ್ಯಾಸ ಬಾಯಿಪಾಠ. ಕರ್ಣನಾಗಿದ್ದ ಪಂಕಜ್ ಧೀರ್ ತುಟಿ ಅಲ್ಲಾಡಿಸಿದರೆ ಸಾಕು, ಮಾತು ಗದುಗಿನಿಂದ ಬರುತ್ತಿತ್ತು. ಡಬ್ಬಿಂಗ್ ಕೂಡದೆಂದು ಕನ್ನಡ ಚಿತ್ರರಂಗ ಪಟ್ಟು ಹಿಡಿದಿದ್ದ ಕಾಲದಲ್ಲಿ ನಮ್ಮ ನಡುಮನೆಯಲ್ಲಿ ಅದು ರಾಜಾರೋಷವಾಗಿ ನಡೆಯಿತು.

ಇಂದ್ರ ಬ್ರಾಹ್ಮಣನ ವೇಷದಲ್ಲಿ ಕವಚ ಕುಂಡಲ ಬೇಡಲು ಬಂದ ಭಾನುವಾರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವನು ಯಾರು, ಕೊಟ್ಟರೆ ಏನಾಗುತ್ತದೆ, ಕರ್ಣನಿಗೆ ಗೊತ್ತು. ಚಾಪೆ ಮೇಲಿದ್ದವರಿಗೂ ಗೊತ್ತು. ಆದರೂ ಹಿಂದೆ ಗೋಡೆಗೊರಗಿದ್ದ ಅಜ್ಜಿಯೊಬ್ಬರು ‘ಕೊಡಬೇಡ್ವೋ ಮುಂಡೇದೇ’ ಎಂದು ಕೂಗಿಯೇಬಿಟ್ಟರು. ಅವನು ಕೇಳಲಿಲ್ಲ. ಕುಂಡಲ ಕಳಚುವಾಗ ಹೆಂಗಸರ ಕೈ ತಾವಾಗಿ ಕಿವಿಗೆ ಹೋದವು. ಅಮ್ಮ ಮಾತ್ರ ಕದಲದೆ, ‘ನಂದು ಬಡ್ಡಿ ಕಟ್ಟಿದರೆ ವಾಪಸ್ ಬರುತ್ತೆ’ ಅಂದಳು.

ಆಮೇಲೆ ಬೀದಿ ಕ್ರಿಕೆಟ್ಟಿನಲ್ಲಿ ಬ್ಯಾಟು ಬಿಟ್ಟು ವಾದ. ಕವಚ ಕೊಟ್ಟವನಿಗೆ ಇಂದ್ರನ ಶಕ್ತ್ಯಾಯುಧ ಸಿಕ್ಕಿತಲ್ಲ, ಹಾಗಾದರೆ ಅದು ದಾನವೋ, ಹಳೇ ಪಾತ್ರೆಗೆ ಹೊಸ ಪಾತ್ರೆಯ ವ್ಯಾಪಾರವೋ? ವ್ಯಾಸಭಾರತದ ವನಪರ್ವದಲ್ಲಿ ಕರ್ಣ ಶಕ್ತಿಯನ್ನು ಬಾಯಿಬಿಟ್ಟು ಕೇಳಿಯೇ ಪಡೆಯುತ್ತಾನೆ. ಹಾಗೆ ಕೇಳೆಂದು ಕನಸಿನಲ್ಲಿ ಹೇಳಿಕೊಟ್ಟವನು ಅಪ್ಪ ಸೂರ್ಯ. ಇದನ್ನು ಓದಿದ ಮೇಲೆ ನನಗೆ ಕರ್ಣ ಇನ್ನಷ್ಟು ಹತ್ತಿರವಾದ. ಸಾಯಲು ತುದಿಗಾಲಲ್ಲಿ ನಿಂತ ಹುತಾತ್ಮನಲ್ಲ ಆಸಾಮಿ. ಕಿವಿ ಕೊಯ್ದು ಕೊಡುವಾಗಲೂ ಅರ್ಜುನನನ್ನು ಗೆದ್ದು ಬದುಕುವ ಆಸೆ ಬಿಟ್ಟಿಲ್ಲ. ಒಂದೇ ಸಲ ಬಳಸಬಹುದಾಗಿದ್ದ ಆ ಶಕ್ತಿ ಘಟೋತ್ಕಚನ ಪಾಲಾಯಿತು, ಆ ಮಾತು ಬೇರೆ. ಬದುಕೇ ಬೇಡವಾದವನು ಜೀವ ಕೊಟ್ಟರೆ ಅದರಲ್ಲೇನು ಹೆಚ್ಚುಗಾರಿಕೆ?

941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೂ ಕರ್ಣನಿಂದ ಫಜೀತಿಯೇ. ಅರ್ಜುನನ ನೆಪದಲ್ಲಿ ದೊರೆ ಅರಿಕೇಸರಿಯನ್ನು ಹೊಗಳಲು ಕೂತವನು, ಕರ್ಣ ಬಿದ್ದ ಜಾಗಕ್ಕೆ ಬಂದದ್ದೇ ದೊರೆಯನ್ನು ಪಕ್ಕಕ್ಕೆ ಕೂರಿಸಿ ಕರ್ಣನ ಕಡೆ ವಾಲಿಬಿಟ್ಟ. ಅನ್ನ ಹಾಕುವವನ ಎದುರಾಳಿಯನ್ನು ಅವನ ಆಸ್ಥಾನದಲ್ಲೇ ಹೀಗೆ ಹಾಡಲು ಎಂಟೆದೆ ಬೇಕು.

2020ರ ಲಾಕ್‌ಡೌನಿನಲ್ಲಿ ಇನ್ನೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂತು. ಅಷ್ಟರಲ್ಲಿ ನಾವು ಕೆಂಗೇರಿ ಉಪನಗರ ಸೇರಿದ್ದೆವು. ಬಣ್ಣ, ಗ್ರಾಫಿಕ್ಸು, ಪ್ರತಿ ಮಾತೂ ಕನ್ನಡ. ಅಮ್ಮ ಕೆಲವು ಕಂತು ನೋಡಿ, ‘ಎಲ್ಲಾ ಅವರೇ ಹೇಳಿಬಿಟ್ಟರೆ ನನಗೇನು ಕೆಲಸ’ ಎಂದು ಎದ್ದಳು.

ಈಗ ಅವಳ ಸಂಜೆಗಳು ಸೊಸೆಯರ ಧಾರಾವಾಹಿಗಳಿಗೆ ಮೀಸಲು. ಅಲ್ಲಿ ತ್ಯಾಗಕ್ಕೆ ಬರವಿಲ್ಲ. ಸೋಮವಾರ ಮಾಡಿದ ತ್ಯಾಗ ಶುಕ್ರವಾರಕ್ಕೂ ಮುಗಿಯುವುದಿಲ್ಲ. ಮೊನ್ನೆ ನಾಯಕಿಯೊಬ್ಬಳು ಗಂಡ, ಆಸ್ತಿ ಎಲ್ಲವನ್ನೂ ತಂಗಿಗೆ ಬಿಟ್ಟುಕೊಟ್ಟು ಕಣ್ಣೊರೆಸಿಕೊಂಡು ಹೊರಟಳು. ಅಮ್ಮ ಟಿ.ವಿ.ಗೆ ಕೇಳುವಂತೆ ಬೈದಳು: ‘ಕರ್ಣನೇ ಕೇಳಿ ಇಸ್ಕೊಂಡ. ನೀನು ತಿಂಗಳ ಖರ್ಚಿಗಾದರೂ ಕೇಳಬಾರದೇನೇ?’